ಹಳೆಯ ಲ್ಯಾಪ್‌ಟಾಪಿನ ಸ್ಲಾಟಿಗೆ ಪುಟ್ಟ ಎಸ್‌ಎಸ್‌ಡಿ: ಹೊಂದಾಣಿಕೆ ನೋಡುವ ಕ್ರಮ

ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ತೆಗೆದು ಅದೇ ಜಾಗದಲ್ಲಿ ಎರಡೂವರೆ ಇಂಚಿನ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳ ಬದಲು ಚಿಪ್‌ಗಳಲ್ಲಿ ದತ್ತಾಂಶ ಇಡುವ ಡಿಸ್ಕ್) ಹಾಕುವುದು ಈಗ ಬಹಳ ಜನರಿಗೆ ಪರಿಚಯವಿರುವ ಕೆಲಸ, ಅದರಲ್ಲಿ ತಪ್ಪಾಗುವ ಅವಕಾಶವೂ ಕಡಿಮೆ. ಗೊಂದಲ ಹುಟ್ಟುವುದು, ಹಾರ್ಡ್ ಡಿಸ್ಕನ್ನು ಇದ್ದಲ್ಲೇ ಬಿಟ್ಟು, ಒಳಗೆ ಖಾಲಿಯಾಗಿ ಕಾಣುವ ಚಿಕ್ಕ ಸ್ಲಾಟಿಗೆ ಬೆರಳುದ್ದದ ಎಸ್‌ಎಸ್‌ಡಿಯೊಂದನ್ನು ಸೇರಿಸಲು ಹೊರಟಾಗ. ಕಾರ್ಡು ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯಾಗುತ್ತದೆ, ಆದರೆ ಬಯೋಸ್‌ನಲ್ಲಿ (ಯಂತ್ರ ಚಾಲೂ ಆದೊಡನೆ ಮೊದಲು ಓಡುವ ತಂತ್ರಾಂಶದಲ್ಲಿ) ಅದರ ಹೆಸರೇ ಕಾಣಿಸುವುದಿಲ್ಲ. ಸ್ಲಾಟಿನ ಆಕಾರ, ಅದರ ಪಿನ್ನುಗಳಿಂದ ಹೊರಟ ತಂತಿಗಳು ಮದರ್‌ಬೋರ್ಡಿನಲ್ಲಿ ತಲುಪುವ ಕಂಟ್ರೋಲರ್, ಆ ಸಾಧನದಿಂದ ಬೂಟ್ ಮಾಡಲು (ಆಪರೇಟಿಂಗ್ ಸಿಸ್ಟಮನ್ನು ಆರಂಭಿಸಲು) ಬಯೋಸ್‌ಗೆ ಇರುವ ಸಾಮರ್ಥ್ಯ, ಈ ಮೂರೂ ಬೇರೆ ಬೇರೆ ಸಂಗತಿಗಳು. ಮೂರನ್ನೂ ಇದೇ ಕ್ರಮದಲ್ಲಿ ಪರಿಶೀಲಿಸಿದ ಮೇಲೆಯೇ ದುಡ್ಡು ಕೊಡಬೇಕು ಎಂಬುದು ಈ ಬರಹದ ಒಟ್ಟು ಸಲಹೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ ಕಂಪನಿಗಳು ವಿಲೇವಾರಿ ಮಾಡಿದ ಲೆನೊವೊ ಥಿಂಕ್‌ಪ್ಯಾಡ್ ಮತ್ತು ಡೆಲ್ ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗಳು ಈಗಲೂ ಮಾರಾಟಕ್ಕೆ ಸಿಗುತ್ತವೆ, ವಿದ್ಯಾರ್ಥಿಗಳು ಅವನ್ನು ಕೊಂಡು ವರ್ಷಗಟ್ಟಲೆ ಬಳಸುತ್ತಾರೆ. ಆದ್ದರಿಂದ 2011ರಿಂದ ಈಚಿನ ಥಿಂಕ್‌ಪ್ಯಾಡ್‌ಗಳನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಪರಿಶೀಲನೆಯ ಕ್ರಮ ಉಳಿದ ಕಂಪನಿಗಳ ಯಂತ್ರಗಳಿಗೂ ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಸ್ಲಾಟ್ ಯಾವ ಕಾಲದ್ದು ಎಂದು ತಿಳಿಯುವುದು

ಲ್ಯಾಪ್‌ಟಾಪಿನ ತಳಭಾಗದ ಸ್ಟಿಕರಿನಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯನ್ನು ಮೊದಲು ಬರೆದುಕೊಳ್ಳಬೇಕು. ನಂತರ ಅದೇ ಮಾದರಿಯ ಸರ್ವಿಸ್ ಮ್ಯಾನುಯಲ್ ಹುಡುಕಬೇಕು. ಲೆನೊವೊ ಇದನ್ನು ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನುಯಲ್ ಎಂಬ ಹೆಸರಿನಲ್ಲಿ ಉಚಿತವಾಗಿ ಪ್ರಕಟಿಸಿದೆ, ಡೆಲ್ ಮತ್ತು ಎಚ್‌ಪಿ ಕಂಪನಿಗಳೂ ತಮ್ಮ ವ್ಯಾಪಾರಿ ಶ್ರೇಣಿಯ ಯಂತ್ರಗಳಿಗೆ ಇಂಥದ್ದನ್ನು ಕೊಟ್ಟಿವೆ. ಅದರಲ್ಲಿ ಬಿಡಿಭಾಗಗಳ ಪಟ್ಟಿಯನ್ನು ನೋಡಿ. ಆ ಸ್ಲಾಟಿಗೆ ಕಂಪನಿಯೇ ಎಸ್‌ಎಸ್‌ಡಿಯೊಂದನ್ನು ಆಯ್ಕೆಯಾಗಿ ಮಾರಿದ್ದರೆ, ಆ ಸ್ಲಾಟಿನ ಹಿಂದೆ ಬೇಕಾದ ತಂತಿ ಇದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪಟ್ಟಿಯಲ್ಲಿ ವೈರ್‌ಲೆಸ್ ಕಾರ್ಡುಗಳ ಹೆಸರು ಮಾತ್ರ ಇದ್ದರೆ ಅನುಮಾನದಿಂದಲೇ ಮುಂದುವರಿಯಬೇಕು.

ಸ್ಥೂಲವಾಗಿ ಹೇಳುವುದಾದರೆ, ಈ ಸ್ಲಾಟುಗಳಲ್ಲಿ ಮೂರು ತಲೆಮಾರುಗಳಿವೆ. 2009ಕ್ಕಿಂತ ಹಿಂದಿನ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈನಂಥ ಪುಟ್ಟ ಕಾರ್ಡುಗಳಿಗಾಗಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುತ್ತದೆ, ಆದರೆ ಅದರಲ್ಲಿ ಸಾಟಾ (ಹಾರ್ಡ್ ಡಿಸ್ಕುಗಳು ಬಳಸುವ ಸಂಪರ್ಕ) ತಂತಿ ಇರುವುದಿಲ್ಲ. 2009ರ ಸೆಪ್ಟೆಂಬರಿನಲ್ಲಿ, ಸಾಟಾ ಎಸ್‌ಎಸ್‌ಡಿಯನ್ನು ಅಂಥ ಪುಟ್ಟ ಕಾರ್ಡಿನ ರೂಪಕ್ಕೆ ತರುವ ಎಂಸಾಟಾ ಮಾನದಂಡ ಪ್ರಕಟವಾದ ಮೇಲೆ, ಸುಮಾರು 2011ರಿಂದ 2013ರವರೆಗಿನ ಅನೇಕ ಯಂತ್ರಗಳಲ್ಲಿ ಅದೇ ಆಕಾರದ ಸ್ಲಾಟಿಗೆ ಸಾಟಾ ತಂತಿಯೂ ಬಂತು. 2013ರ ನಂತರ ಕ್ರಮೇಣ ಎಂ.2 ಸ್ಲಾಟ್ ಅದರ ಜಾಗವನ್ನು ಹಿಡಿಯಿತು. ಗಡಿ ಇಷ್ಟು ಖಚಿತವಾಗಿಲ್ಲ: 2013ರ ಡೆಲ್ ಲ್ಯಾಟಿಟ್ಯೂಡ್ ಇ7440ರಲ್ಲಿ ಇನ್ನೂ ಎಂಸಾಟಾ ಇತ್ತು, ಅದೇ ವರ್ಷದ ಥಿಂಕ್‌ಪ್ಯಾಡ್ ಟಿ440ರಲ್ಲಿ ಆಗಲೇ ಎಂ.2 ಬಂದಿತ್ತು. ಹಾಗಾಗಿ ವರ್ಷವನ್ನು ಸುಳಿವಾಗಿ ಮಾತ್ರ ತೆಗೆದುಕೊಂಡು, ಅಳತೆಯಿಂದ ಖಚಿತಪಡಿಸಿಕೊಳ್ಳಬೇಕು. ಎಂಸಾಟಾ ಕಾರ್ಡು ಸುಮಾರು 30 ಮಿಲಿಮೀಟರ್ ಅಗಲ, 51 ಮಿಲಿಮೀಟರ್ ಉದ್ದ ಇರುತ್ತದೆ. ಎಂ.2 ಎಸ್‌ಎಸ್‌ಡಿಯ ಅಗಲ 22 ಮಿಲಿಮೀಟರ್. ಒಂದರ ಸ್ಲಾಟಿಗೆ ಇನ್ನೊಂದು ನೇರವಾಗಿ ಸೇರುವುದೇ ಇಲ್ಲ.

ಈ ವರ್ಗೀಕರಣಕ್ಕೆ ಹೊರಗುಳಿಯುವ ಕೆಲವು ಯಂತ್ರಗಳನ್ನು ಇಲ್ಲೇ ಹೇಳಿಬಿಡುತ್ತೇನೆ. 2008ರ ಆಸುಸ್ ಈ ಪಿಸಿ 900 ಮತ್ತು 901 ಮಾದರಿಗಳಲ್ಲಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಂತೆಯೇ ಕಾಣುವ ಎಸ್‌ಎಸ್‌ಡಿಗಳಿದ್ದವು. ಅವು ಎಂಸಾಟಾ ಮಾನದಂಡಕ್ಕಿಂತ ಮೊದಲು ಬಂದವು, ಪಿನ್ನುಗಳ ಹಂಚಿಕೆ ಅವುಗಳದೇ ಆದದ್ದು. ಅಲ್ಲಿ ಎಂಸಾಟಾ ಕಾರ್ಡು ನಡೆಯುವುದಿಲ್ಲ. 2010ರಿಂದ 2017ರವರೆಗಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಇರುವುದು ಆಪಲ್ ಕಂಪನಿಯ ಸ್ವಂತ ಕನೆಕ್ಟರ್, ಅದೂ ಕೆಲವು ವರ್ಷಗಳಿಗೊಮ್ಮೆ ಬದಲಾಗಿದೆ. 2013ರಿಂದ 2015ರವರೆಗಿನ ಏರ್ ಮಾದರಿಗಳಿಗೆ ಅಡಾಪ್ಟರ್ ಮೂಲಕ ಎನ್‌ವಿಎಂಇ ಎಸ್‌ಎಸ್‌ಡಿ (ಸಾಟಾ ಬದಲು ಪಿಸಿಐ ಎಕ್ಸ್‌ಪ್ರೆಸ್ ಬಳಸುವ ಬಗೆ) ಹಾಕಬಹುದು, ಆದರೆ ಅದಕ್ಕೂ ಮೊದಲು ಹಳೆಯ ಡಿಸ್ಕಿನಲ್ಲಿ ಮ್ಯಾಕ್‌ಓಎಸ್ ಹೈ ಸಿಯೆರಾ ಅಥವಾ ಅದಕ್ಕಿಂತ ಹೊಸದನ್ನು ಸ್ಥಾಪಿಸಿ ಫರ್ಮ್‌ವೇರನ್ನೂ ನವೀಕರಿಸಿಕೊಂಡಿರಬೇಕು.

ಎರಡನೆಯ ಹೆಜ್ಜೆ: ಸ್ಲಾಟಿನ ಹಿಂದಿನ ತಂತಿಯನ್ನು ಗುರುತಿಸುವುದು

ಮಿನಿ ಪಿಸಿಐ ಎಕ್ಸ್‌ಪ್ರೆಸ್ ಮತ್ತು ಎಂಸಾಟಾ ಎರಡಕ್ಕೂ ಇರುವುದು ಒಂದೇ 52 ಪಿನ್ನುಗಳ ಕನೆಕ್ಟರ್. ಅಗಲ, ಉದ್ದ, ಸ್ಕ್ರೂ ತೂತಿನ ಜಾಗ ಎಲ್ಲವೂ ಒಂದೇ. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಒಂದು ಲೇನ್ (ದತ್ತಾಂಶ ಸಾಗುವ ಪಥ) ಮತ್ತು ಯುಎಸ್‌ಬಿ 2.0 ಸಂಪರ್ಕ ಇರುತ್ತವೆ. ಎಂಸಾಟಾದಲ್ಲಿ, ಪಿಸಿಐ ಎಕ್ಸ್‌ಪ್ರೆಸ್ ದತ್ತಾಂಶ ಸಾಗಬೇಕಿದ್ದ ಅದೇ ಪಿನ್ನುಗಳ ಮೇಲೆ ಸಾಟಾ ಸಂಕೇತ ಸಾಗುತ್ತದೆ. ಕಣ್ಣಿಗೆ ಕಾಣುವ ಯಾವ ಗುರುತೂ ಇವೆರಡನ್ನು ಬೇರ್ಪಡಿಸುವುದಿಲ್ಲ. ಈ ಒಂದು ಕಾರಣದಿಂದಲೇ ಎಷ್ಟೋ ಜನ ಸರಿಯಿರುವ ಎಸ್‌ಎಸ್‌ಡಿಯನ್ನು ಕೆಟ್ಟದ್ದೆಂದು ಹಿಂದಿರುಗಿಸುತ್ತಾರೆ.

2011ರ ಥಿಂಕ್‌ಪ್ಯಾಡ್ ಎಕ್ಸ್220 ಇದಕ್ಕೆ ಒಳ್ಳೆಯ ಪಾಠ. ಅದರ ಅಂಗೈ ಊರುವ ಫಲಕದ ಕೆಳಗೆ ಎರಡು ಸ್ಲಾಟುಗಳಿವೆ. ಒಂದು ವೈ-ಫೈ ಕಾರ್ಡಿನದು, ಇನ್ನೊಂದು ಸಿಮ್ ಮೂಲಕ ಇಂಟರ್ನೆಟ್ ಕೊಡುವ ಮೋಡೆಮ್ ಕಾರ್ಡಿನದು, ಅಂದರೆ ಡಬ್ಲ್ಯುವ್ಯಾನ್ ಸ್ಲಾಟ್. ಕನೆಕ್ಟರ್ ಎರಡಕ್ಕೂ ಒಂದೇ. ಆದರೆ ಎಂಸಾಟಾ ಎಸ್‌ಎಸ್‌ಡಿ ಕೆಲಸ ಮಾಡುವುದು ಡಬ್ಲ್ಯುವ್ಯಾನ್ ಸ್ಲಾಟಿನಲ್ಲಿ ಮಾತ್ರ, ಏಕೆಂದರೆ ಮದರ್‌ಬೋರ್ಡಿನಲ್ಲಿ ಡಿಸ್ಕುಗಳನ್ನು ನಿಭಾಯಿಸುವ ಚಿಪ್‌ಸೆಟ್ಟಿನ ಸಾಟಾ ಪೋರ್ಟಿನಿಂದ ತಂತಿ ಬಂದಿರುವುದು ಅಲ್ಲಿಗಷ್ಟೇ. ಟಿ420, ಟಿ520, ಡಬ್ಲ್ಯು520 ಮತ್ತು ಮರುವರ್ಷ ಬಂದ ಎಕ್ಸ್230, ಟಿ430, ಟಿ530, ಡಬ್ಲ್ಯು530 ಮಾದರಿಗಳಲ್ಲೂ ಇದೇ ವ್ಯವಸ್ಥೆ. ಅದೇ ಕಂಪನಿಯ, ಅದೇ ಆಕಾರದ ಡಬ್ಲ್ಯುವ್ಯಾನ್ ಸ್ಲಾಟ್ ಇರುವ 2008ರ ಎಕ್ಸ್200 ಮತ್ತು ಟಿ400ರಲ್ಲಿ ಎಂಸಾಟಾ ಕೆಲಸ ಮಾಡುವುದಿಲ್ಲ. ಅಂಥ ಯಂತ್ರಕ್ಕೆ ಎಂಸಾಟಾ ಕೊಳ್ಳುವ ಬದಲು, ಹಾರ್ಡ್ ಡಿಸ್ಕಿನ ಜಾಗಕ್ಕೆ ಎರಡೂವರೆ ಇಂಚಿನ ಎಸ್‌ಎಸ್‌ಡಿ ಹಾಕಿ, ಎರಡನೆಯ ಡಿಸ್ಕ್ ಬೇಕಿದ್ದರೆ ಡಿವಿಡಿ ಡ್ರೈವಿನ ಜಾಗಕ್ಕೆ ಹೊಂದುವ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಾರ್ಡ್ ಡಿಸ್ಕ್ ಇಡುವುದು ಒಳ್ಳೆಯದು. ಕ್ಯಾಡಿಗಳು 9.5 ಮತ್ತು 12.7 ಮಿಲಿಮೀಟರ್ ದಪ್ಪಗಳಲ್ಲಿ ಬರುತ್ತವೆ, ಡ್ರೈವನ್ನು ಅಳೆದು ಕೊಳ್ಳಬೇಕು. ಎಕ್ಸ್ ಸರಣಿಯ ಈ ಯಂತ್ರಗಳಲ್ಲಿ ಡಿವಿಡಿ ಡ್ರೈವೇ ಇಲ್ಲ ಎಂಬುದೂ ನೆನಪಿರಲಿ.

ಡಬ್ಲ್ಯುವ್ಯಾನ್ ಸ್ಲಾಟನ್ನು ಎಸ್‌ಎಸ್‌ಡಿಗೆ ಕೊಟ್ಟರೆ ಒಳಗಿನ ಸಿಮ್ ಸಂಪರ್ಕ ಹೋಗುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ಬಳಸುವವರಿಗೆ ಅದರಿಂದ ನಷ್ಟವೇನಿಲ್ಲ.

2011ರ ಆರಂಭದ ಯಂತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಟೆಲ್‌ನ 6 ಸರಣಿಯ ಚಿಪ್‌ಸೆಟ್ಟಿನಲ್ಲಿ ಸಾಟಾ ಪೋರ್ಟುಗಳಿಗೆ 0ಯಿಂದ 5ರವರೆಗೆ ಸಂಖ್ಯೆಗಳಿವೆ. ಅವುಗಳಲ್ಲಿ 2ರಿಂದ 5ರವರೆಗಿನ ಪೋರ್ಟುಗಳು ಕಾಲಕ್ರಮೇಣ ದುರ್ಬಲವಾಗುವ ವಿನ್ಯಾಸದೋಷವಿದೆ ಎಂದು ಆ ಕಂಪನಿಯೇ 2011ರ ಜನವರಿ 31ರಂದು ಪ್ರಕಟಿಸಿ, ಬಿ3 ಎಂಬ ತಿದ್ದಿದ ಆವೃತ್ತಿಯನ್ನು ತಂದಿತು. ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ 0 ಅಥವಾ 1ನೇ ಪೋರ್ಟಿನಲ್ಲಿ ಇರುವುದರಿಂದ ಆ ಕಾಲದ ದೋಷಪೂರಿತ ಯಂತ್ರ ಈಗಲೂ ಚೆನ್ನಾಗಿಯೇ ಓಡುತ್ತಿರಬಹುದು, ಆದರೆ ಎಂಸಾಟಾದಂಥ ಎರಡನೆಯ ಸಾಧನಗಳು ಸೇರುವುದು ಉಳಿದ ಪೋರ್ಟುಗಳಿಗೆ. ಆ ವರ್ಷದ ಮೊದಲ ವಾರಗಳಲ್ಲಿ ತಯಾರಾದ ಲ್ಯಾಪ್‌ಟಾಪ್ ಕೈಗೆ ಬಂದಿದ್ದರೆ ಚಿಪ್‌ಸೆಟ್ಟಿನ ಆವೃತ್ತಿಯನ್ನು ನೋಡಿಯೇ ಮುಂದುವರಿಯಿರಿ.

ಎಂ.2: ಕಚ್ಚನ್ನು ನೋಡಿ, ಕಚ್ಚನ್ನೇ ನಂಬಬೇಡಿ

ಎಂ.2 ಸ್ಲಾಟಿನಲ್ಲಿ ಎರಡು ಅಳತೆಗಳನ್ನು ಗಮನಿಸಬೇಕು. ಮೊದಲನೆಯದು ಉದ್ದ. ಕಾರ್ಡಿನ ಹೆಸರಿನಲ್ಲಿರುವ 2230, 2242, 2260, 2280 ಎಂಬ ಸಂಖ್ಯೆಗಳಲ್ಲಿ ಮೊದಲ ಎರಡು ಅಂಕಿಗಳು ಅಗಲವನ್ನು, ಉಳಿದವು ಉದ್ದವನ್ನು ಮಿಲಿಮೀಟರ್‌ಗಳಲ್ಲಿ ಹೇಳುತ್ತವೆ. ಮೋಡೆಮ್ ಕಾರ್ಡಿಗೆಂದು ಮಾಡಿದ ಸ್ಲಾಟಿನಲ್ಲಿ ಬಹುಮಟ್ಟಿಗೆ 2242ಕ್ಕಷ್ಟೇ ಜಾಗವಿರುತ್ತದೆ, ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 2280. ಎರಡನೆಯದು ಕಾರ್ಡಿನ ಅಂಚಿನ ಕಚ್ಚು, ಅದು ಎಲ್ಲಿದೆ ಎಂಬುದನ್ನು ಬಿ, ಎಂ ಮುಂತಾದ ಕೀ ಅಕ್ಷರಗಳು ಹೇಳುತ್ತವೆ. ಬಿ ಕೀ ಸ್ಲಾಟಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಎರಡು ಲೇನುಗಳು, ಸಾಟಾ ಮತ್ತು ಯುಎಸ್‌ಬಿಗೆ ಅವಕಾಶವಿದೆ. ಎಂ ಕೀ ಸ್ಲಾಟಿನಲ್ಲಿ ನಾಲ್ಕು ಲೇನುಗಳು ಮತ್ತು ಸಾಟಾಕ್ಕೆ ಅವಕಾಶವಿದೆ. ವೈ-ಫೈ ಕಾರ್ಡಿಗಾಗಿರುವ ಎ ಮತ್ತು ಇ ಕೀ ಸ್ಲಾಟುಗಳಲ್ಲಿ ಸಾಟಾ ಇಲ್ಲ. ಅವಕಾಶವಿದೆ ಎಂದ ಮಾತ್ರಕ್ಕೆ ಎಲ್ಲವೂ ಇದ್ದೇ ಇರುತ್ತದೆ ಎಂದು ತಿಳಿಯಬಾರದು. ಅವುಗಳಲ್ಲಿ ಯಾವುದಕ್ಕೆ ತಂತಿ ಎಳೆಯಬೇಕು ಎಂಬುದು ಲ್ಯಾಪ್‌ಟಾಪ್ ತಯಾರಿಸಿದವರ ನಿರ್ಧಾರ.

ಎರಡು ಕಚ್ಚುಗಳಿರುವ ಕಾರ್ಡು ಸಾಟಾ, ಒಂದೇ ಕಚ್ಚು ಇರುವುದು ಎನ್‌ವಿಎಂಇ ಎಂಬ ಸೂತ್ರವೊಂದು ಚಾಲ್ತಿಯಲ್ಲಿದೆ. ಅದು ಹೆಚ್ಚಿನ ಕಡೆ ಸರಿಹೊಂದುತ್ತದೆ, ಆದರೆ ಎರಡು ಲೇನುಗಳ ಎನ್‌ವಿಎಂಇ ಕಾರ್ಡಿಗೂ ಎರಡು ಕಚ್ಚುಗಳೇ ಇರುತ್ತವೆ. ಥಿಂಕ್‌ಪ್ಯಾಡ್‌ಗಳಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಟಿ450ರ ಡಬ್ಲ್ಯುವ್ಯಾನ್ ಸ್ಲಾಟಿಗೆ 2242 ಉದ್ದದ ಸಾಟಾ ಎಸ್‌ಎಸ್‌ಡಿ ಬೇಕು. ಟಿ480ರಲ್ಲಿ ಹಾಗೆಯೇ ಕಾಣುವ ಸ್ಲಾಟಿಗೆ ಅದೇ ಉದ್ದದ, ಎರಡು ಕಚ್ಚುಗಳ ಎನ್‌ವಿಎಂಇ ಕಾರ್ಡು ಬೇಕು, ಸಾಟಾ ಹಾಕಿದರೆ ಅದು ಕಾಣಿಸಿಕೊಳ್ಳುವುದಿಲ್ಲ. ಎರಡೂ ಕಾರ್ಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುವುದು ಸ್ಟಿಕರಿನ ಬರಹದಿಂದ ಮಾತ್ರ. ಮಾರಾಟದ ವಿವರಣೆಯಲ್ಲಿ ಎನ್‌ಜಿಎಫ್‌ಎಫ್ ಎಂದಿದ್ದರೆ ಅದು ಎಂ.2ರ ಹಳೆಯ ಹೆಸರು. ವ್ಯಾಪಾರಿಗಳು ಅದನ್ನು ಬಹುತೇಕ ಸಾಟಾ ಎಂಬ ಅರ್ಥದಲ್ಲೇ ಬಳಸುತ್ತಾರೆ, ಆದರೂ ಅದು ಸಾಟಾವೋ ಎನ್‌ವಿಎಂಇಯೋ ಎಂದು ಬರಹದಲ್ಲೇ ಕೇಳಿ ಉತ್ತರ ಪಡೆಯಿರಿ.

ಅಡಾಪ್ಟರ್‌ಗಳ ಬಗ್ಗೆ ಒಂದೇ ನಿಯಮ ನೆನಪಿಟ್ಟರೆ ಸಾಕು: ಈ ಅಗ್ಗದ ಅಡಾಪ್ಟರ್ ಆಕಾರವನ್ನು ಬದಲಿಸುತ್ತದೆ, ಭಾಷೆಯನ್ನು ಬದಲಿಸುವುದಿಲ್ಲ. ಎಂ.2 ಸಾಟಾ ಕಾರ್ಡನ್ನು ಎಂಸಾಟಾ ಸ್ಲಾಟಿಗೆ ಹೊಂದಿಸುವ ಅಡಾಪ್ಟರ್ ಕೆಲಸ ಮಾಡುತ್ತದೆ, ಏಕೆಂದರೆ ಎರಡೂ ಕಡೆ ಇರುವುದು ಸಾಟಾ. ಒಳ್ಳೆಯ ಹೆಸರಿನ ಎಂಸಾಟಾ ಕಾರ್ಡುಗಳ ಆಯ್ಕೆ ಈಗ ಕಡಿಮೆಯಾಗಿರುವುದರಿಂದ ಈ ದಾರಿ ಉಪಯುಕ್ತ, ಆದರೆ ಅಡಾಪ್ಟರಿನ ಉದ್ದದ ಮಿತಿಯಿಂದಾಗಿ 2230 ಅಥವಾ 2242 ಕಾರ್ಡೇ ಆಗಬೇಕು. ಎಂಸಾಟಾವನ್ನು ಎರಡೂವರೆ ಇಂಚಿನ ಡಿಸ್ಕಿನಂತೆ ಮಾಡುವ ಪೆಟ್ಟಿಗೆಯೂ ಕೆಲಸ ಮಾಡುತ್ತದೆ. ಎನ್‌ವಿಎಂಇ ಕಾರ್ಡನ್ನು ಇಂಥ ಸಾಟಾ ಅಡಾಪ್ಟರಿಗೆ ಸೇರಿಸಿದರೆ ಅದು ಕೆಲಸ ಮಾಡುವುದಿಲ್ಲ.

ಲ್ಯಾಪ್‌ಟಾಪಿನ ಬದಿಯಲ್ಲಿ ಹೊರಗಿನಿಂದ ಕಾರ್ಡು ತೂರಿಸುವ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಒಂದು ಲೇನ್ ಮತ್ತು ಯುಎಸ್‌ಬಿ 2.0 ಇರುವುದರಿಂದ, ಅಡಾಪ್ಟರ್ ಮೂಲಕ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಕಡತಗಳಿಗಾಗಿ ಸೇರಿಸಲು ಸಾಧ್ಯ. ಆಪರೇಟಿಂಗ್ ಸಿಸ್ಟಮ್ ಇಡುವುದಕ್ಕೆ ಅದನ್ನು ನಾನು ಸೂಚಿಸುವುದಿಲ್ಲ. ಓಡಾಡುವಾಗ ಹೊರಚಾಚಿರುವ ಕಾರ್ಡು ಸಡಿಲವಾದರೆ ಬರೆಯುತ್ತಿದ್ದ ದತ್ತಾಂಶ ಹಾಳಾಗುತ್ತದೆ.

ವೇಗದ ಲೆಕ್ಕ

ಎಕ್ಸ್220 ಮತ್ತು ಎಕ್ಸ್230 ಪೀಳಿಗೆಯಲ್ಲಿ ಹಾರ್ಡ್ ಡಿಸ್ಕಿನ ಜಾಗಕ್ಕೆ ಸೆಕೆಂಡಿಗೆ 6 ಗಿಗಾಬಿಟ್ ವೇಗದ ಸಾಟಾ ಇದೆ, ಎಂಸಾಟಾ ಸ್ಲಾಟಿಗೆ 3 ಗಿಗಾಬಿಟ್ ಮಾತ್ರ. ಸಾಟಾದಲ್ಲಿ ಪ್ರತಿ 8 ಬಿಟ್ಟಿಗೆ 10 ಬಿಟ್ಟುಗಳು ಸಾಗುವುದರಿಂದ 3 ಗಿಗಾಬಿಟ್ ಎಂದರೆ ಹೆಚ್ಚೆಂದರೆ ಸೆಕೆಂಡಿಗೆ 300 ಮೆಗಾಬೈಟ್, ಬಳಕೆಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಕಾರ್ಡಿನ ಮೇಲೆ 550 ಎಂದು ಬರೆದಿದ್ದರೂ ಇಲ್ಲಿ ಅದರ ಅರ್ಧವೇ ಸಿಗುತ್ತದೆ. ಈ ಕೊರತೆಯನ್ನು ದೊಡ್ಡದು ಮಾಡಬೇಕಾಗಿಲ್ಲ. ಯಂತ್ರ ಚುರುಕಾಯಿತು ಎಂದು ನಮಗೆ ಅನ್ನಿಸುವುದು ದೊಡ್ಡ ಕಡತ ವೇಗವಾಗಿ ಸಾಗುವುದರಿಂದಲ್ಲ; ಡಿಸ್ಕಿನ ಅಲ್ಲಲ್ಲಿ ಚದುರಿದ 4 ಕಿಲೋಬೈಟಿನ ಸಣ್ಣ ತುಣುಕುಗಳನ್ನು ಓದುವ ವೇಗದಿಂದ. ತಿರುಗುವ ಹಾರ್ಡ್ ಡಿಸ್ಕ್ ಆ ಕೆಲಸದಲ್ಲಿ ಸೆಕೆಂಡಿಗೆ ಒಂದು ಮೆಗಾಬೈಟನ್ನೂ ಮುಟ್ಟಲು ಕಷ್ಟಪಡುತ್ತದೆ, ಸಾಧಾರಣ ಸಾಟಾ ಎಸ್‌ಎಸ್‌ಡಿ ಇಪ್ಪತ್ತು ಮೂವತ್ತು ಮೆಗಾಬೈಟ್ ಓದುತ್ತದೆ, ಮತ್ತು ಈ ಪ್ರಮಾಣ 300ರ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ದೊಡ್ಡ ಹಾರ್ಡ್ ಡಿಸ್ಕನ್ನು ಉಳಿಸಿಕೊಳ್ಳಲೇಬೇಕು ಎನ್ನುವವರು ಆಪರೇಟಿಂಗ್ ಸಿಸ್ಟಮನ್ನು ಎಂಸಾಟಾದಲ್ಲಿ ನಿಶ್ಚಿಂತೆಯಿಂದ ಇಡಬಹುದು. ಎರಡೂ ಕಡೆ ಎಸ್‌ಎಸ್‌ಡಿ ಹಾಕುವವರು ಮಾತ್ರ ಆಪರೇಟಿಂಗ್ ಸಿಸ್ಟಮ್ ಮತ್ತು ವಿಡಿಯೊ ಸಂಕಲನದಂಥ ಭಾರದ ಕೆಲಸವನ್ನು 6 ಗಿಗಾಬಿಟ್ ಕಡೆಗೆ ಕೊಡಲಿ. ಎಕ್ಸ್220 ಮತ್ತು ಎಕ್ಸ್230ರ ಡಿಸ್ಕ್ ಜಾಗಕ್ಕೆ 7 ಮಿಲಿಮೀಟರ್ ದಪ್ಪದ್ದೇ ಆಗಬೇಕು, 9.5ರದು ಒಳಗೆ ಹೋಗುವುದಿಲ್ಲ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಗಲೇ 24 ಅಥವಾ 32 ಗಿಗಾಬೈಟಿನ ಎಂಸಾಟಾ ಕಾರ್ಡೊಂದು ಇರುತ್ತದೆ. ಅದು ಇಂಟೆಲ್ ಸ್ಮಾರ್ಟ್ ರೆಸ್ಪಾನ್ಸ್ ವ್ಯವಸ್ಥೆಯಲ್ಲಿ ಹಾರ್ಡ್ ಡಿಸ್ಕಿಗೆ ಕ್ಯಾಷ್ ಆಗಿ, ಅಂದರೆ ಪದೇಪದೇ ಬೇಕಾಗುವ ದತ್ತಾಂಶದ ತಾತ್ಕಾಲಿಕ ಸಂಗ್ರಹವಾಗಿ, ಕೆಲಸ ಮಾಡುತ್ತಿರಬಹುದು. ಅದನ್ನು ಕೀಳುವ ಮೊದಲು ವಿಂಡೋಸ್‌ನಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ತಂತ್ರಾಂಶ ತೆರೆದು ವೇಗವರ್ಧನೆಯನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಹಾರ್ಡ್ ಡಿಸ್ಕಿಗೆ ಇನ್ನೂ ಬರೆದಿರದ ದತ್ತಾಂಶ ಆ ಕಾರ್ಡಿನೊಂದಿಗೆ ಹೋಗಬಹುದು.

ಮೂರನೆಯ ಹೆಜ್ಜೆ: ಬಯೋಸ್ ಒಪ್ಪುತ್ತದೆಯೇ

ಸಾಟಾ ಎಸ್‌ಎಸ್‌ಡಿ, ಅದು ಎಂಸಾಟಾ ಆಗಿರಲಿ ಎಂ.2 ಆಗಿರಲಿ, ಬಯೋಸ್‌ಗೆ ಮಾಮೂಲಿ ಡಿಸ್ಕಿನಂತೆಯೇ ಕಾಣುತ್ತದೆ. ಅಲ್ಲಿ ಸಾಟಾ ಕಂಟ್ರೋಲರ್ ಕೆಲಸ ಮಾಡುವ ಕ್ರಮ ಎಎಚ್‌ಸಿಐ ಎಂದಿರಬೇಕು, ಹಳೆಯ ಐಡಿಇ ಎಂದಿರಬಾರದು. ಈಗಾಗಲೇ ವಿಂಡೋಸ್ ಇರುವ ಯಂತ್ರದಲ್ಲಿ ಇದನ್ನು ಒಮ್ಮೆಲೇ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು, ಆದ್ದರಿಂದ ಹೊಸದಾಗಿ ಸ್ಥಾಪಿಸುವ ಮೊದಲೇ ಬದಲಿಸಿಕೊಳ್ಳಿ.

ಎನ್‌ವಿಎಂಇ ವಿಷಯ ಬೇರೆ. ಆ ಮಾನದಂಡದ ಮೊದಲ ಆವೃತ್ತಿ 2011ರ ಮಾರ್ಚಿನಲ್ಲಿ ಬಂದದ್ದು, ಆ ಕಾಲದ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಅದರ ಡ್ರೈವರ್ ಇರುವುದಿಲ್ಲ. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಸೇರಿಸಿದರೆ ಲಿನಕ್ಸ್ ಅಥವಾ ವಿಂಡೋಸ್ 10 ಅದನ್ನು ಡಿಸ್ಕ್ ಎಂದು ಗುರುತಿಸಬಹುದು, ಆದರೆ ಅದರಿಂದ ಬೂಟ್ ಮಾಡಲಾಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಕ್ಲೋವರ್‌ನಂಥ ಬೂಟ್‌ಲೋಡರ್ ಇಟ್ಟು ಆರಂಭಿಸುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ದಿನನಿತ್ಯದ ಯಂತ್ರಕ್ಕೆ ಆ ಸರ್ಕಸ್ ತಕ್ಕದ್ದಲ್ಲ, ಒಂದೇ ಲೇನಿನಲ್ಲಿ ಸಿಗುವ ಲಾಭವೂ ಅಷ್ಟರಲ್ಲೇ ಇದೆ.

ಥಿಂಕ್‌ಪ್ಯಾಡ್‌ಗಳ ಬಯೋಸ್‌ನಲ್ಲಿ ಒಪ್ಪಿಗೆ ಪಡೆದ ಕಾರ್ಡುಗಳ ಪಟ್ಟಿಯೊಂದು ಇದೆ, ಬೇರೆ ಕಾರ್ಡು ಹಾಕಿದರೆ ಯಂತ್ರ ನಿಂತುಬಿಡುತ್ತದೆ ಎಂಬ ಭಯ ಹಲವರಲ್ಲಿದೆ. ಎಕ್ಸ್220 ಕಾಲದ ಯಂತ್ರಗಳಲ್ಲಿ ಆ ಪಟ್ಟಿ ಇರುವುದು ನಿಜ, ಆದರೆ ಅದು ವೈರ್‌ಲೆಸ್ ಕಾರ್ಡುಗಳಿಗೆ ಸಂಬಂಧಿಸಿದ್ದು. ಎಂಸಾಟಾ ಎಸ್‌ಎಸ್‌ಡಿಗೆ ಅದರಿಂದ ತೊಂದರೆಯಿಲ್ಲ.

ಕೂರಿಸುವ ಕೆಲಸ

ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಟ್ಟುಕೊಳ್ಳಿ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇರುವ ಯಂತ್ರವಾದರೆ, ಬಯೋಸ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಆಯ್ಕೆ ಇದೆಯೇ ನೋಡಿ, ತಳ ತೆರೆದ ತಕ್ಷಣ ಮೊದಲು ಬ್ಯಾಟರಿಯ ಕನೆಕ್ಟರನ್ನೇ ಬಿಡಿಸಿ. ಬಣ್ಣ ಬಳಿಯದ ಲೋಹವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡ ಮೇಲೆ ಕಾರ್ಡಿಗೆ ಕೈ ಹಾಕಿ.

ಎಕ್ಸ್220ರಲ್ಲಿ ತಳದ ಸ್ಕ್ರೂಗಳ ಪಕ್ಕ ಕೀಬೋರ್ಡ್ ಮತ್ತು ಟಚ್‌ಪ್ಯಾಡಿನ ಚಿಕ್ಕ ಚಿತ್ರಗಳಿವೆ, ಆ ಗುರುತಿನವುಗಳನ್ನಷ್ಟೇ ಬಿಚ್ಚಬೇಕು. ಕೀಬೋರ್ಡನ್ನು ಪರದೆಯ ಕಡೆಗೆ ಸರಿಸಿ ಎತ್ತುವಾಗ ಅದರ ಕೆಳಗಿನ ಕೇಬಲ್ ನೆನಪಿರಲಿ, ಎಳೆದರೆ ಕಿತ್ತುಹೋಗುತ್ತದೆ. ಅಂಗೈ ಫಲಕಕ್ಕೂ ಹೀಗೆಯೇ ಕೇಬಲ್ ಇದೆ. ಸ್ಲಾಟಿನಲ್ಲಿ ಮೋಡೆಮ್ ಕಾರ್ಡ್ ಇದ್ದರೆ ಅದರ ಆಂಟೆನಾ ತಂತಿಗಳನ್ನು ನೇರವಾಗಿ ಮೇಲಕ್ಕೆತ್ತಿ ಬಿಡಿಸಿ, ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬದಿಗೆ ಸರಿಸಿ. ಬರಿದಾದ ತುದಿ ಎಸ್‌ಎಸ್‌ಡಿಯ ಮೇಲೆ ಬಿದ್ದರೆ ಶಾರ್ಟ್ ಆಗುವ ಅಪಾಯವಿದೆ. ಎಸ್‌ಎಸ್‌ಡಿಯನ್ನು ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಅಂಚು ಬಹುತೇಕ ಮರೆಯಾಗುವವರೆಗೆ ಸ್ಲಾಟಿಗೆ ತಳ್ಳಿ, ನಂತರ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಒತ್ತಡ ಬೇಕು ಅನ್ನಿಸಿದರೆ ನಿಲ್ಲಿಸಿ ಕಚ್ಚಿನ ದಿಕ್ಕನ್ನು ಮತ್ತೆ ನೋಡಿ. ಪುಟ್ಟ ಕಾರ್ಡುಗಳಿಗೆಂದು ಮಾರುವ ದಪ್ಪನೆಯ ಹೀಟ್‌ಸಿಂಕ್ ಇಲ್ಲಿ ಬೇಡ. ಫಲಕ ಮುಚ್ಚಿದಾಗ ಅದು ಕಾರ್ಡನ್ನು ಬಾಗಿಸುತ್ತದೆ.

ಸ್ಕ್ರೂಗಳನ್ನೆಲ್ಲ ಬಿಗಿಮಾಡುವ ಮೊದಲೇ ಒಮ್ಮೆ ಯಂತ್ರವನ್ನು ಚಾಲೂ ಮಾಡಿ ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಹೊಸ ಎಸ್‌ಎಸ್‌ಡಿಯ ಹೆಸರು ಬಂದಿದೆಯೇ ನೋಡಿ. ಬಂದಿದ್ದರೆ ಆರಿಸಿ, ಬ್ಯಾಟರಿ ತೆಗೆದು, ಉಳಿದ ಜೋಡಣೆ ಮುಗಿಸಿ. ಬರದಿದ್ದರೆ ಕಾರ್ಡನ್ನು ಒಮ್ಮೆ ತೆಗೆದು ಮತ್ತೆ ಕೂರಿಸಿ. ಆಗಲೂ ಕಾಣದಿದ್ದರೆ ಯುಎಸ್‌ಬಿ ಪೆಟ್ಟಿಗೆಯಲ್ಲೋ ಬೇರೊಂದು ಯಂತ್ರದಲ್ಲೋ ಪರೀಕ್ಷಿಸಿ, ದೋಷ ಕಾರ್ಡಿನದೋ ಸ್ಲಾಟಿನ ತಂತಿಯದೋ ಎಂದು ಬೇರ್ಪಡಿಸಿಕೊಂಡ ಮೇಲೆ ಅಂಗಡಿಗೆ ಹೋಗಿ.

ಆಪರೇಟಿಂಗ್ ಸಿಸ್ಟಮ್ ಹಾಕುವಾಗ

ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದಾದರೆ ಆ ಹೊತ್ತಿಗೆ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದಿಡಿ. ಎರಡು ಡಿಸ್ಕುಗಳಿದ್ದಾಗ ವಿಂಡೋಸ್ ತನ್ನ ಬೂಟ್ ವಿಭಾಗವನ್ನು ಹಾರ್ಡ್ ಡಿಸ್ಕಿನಲ್ಲಿ, ಉಳಿದದ್ದನ್ನು ಎಸ್‌ಎಸ್‌ಡಿಯಲ್ಲಿ ಇಟ್ಟುಬಿಡುವುದುಂಟು. ಮುಂದೆ ಹಾರ್ಡ್ ಡಿಸ್ಕ್ ಕೆಟ್ಟ ದಿನ ಎಸ್‌ಎಸ್‌ಡಿ ಸರಿಯಿದ್ದರೂ ಯಂತ್ರ ಏಳುವುದಿಲ್ಲ. ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಇರುವ ಯಂತ್ರದಲ್ಲಿ ಡಿಸ್ಕಿಗೆ ಜಿಪಿಟಿ ವಿಭಾಗ ಕ್ರಮ ಬಳಸಿ, ಹಳೆಯ ಬಯೋಸ್ ಕ್ರಮದಲ್ಲಿ ವಿಂಡೋಸ್ ಬೂಟ್ ಆಗಲು ಎಂಬಿಆರ್ ಎಂಬ ಹಳೆಯ ವಿಭಾಗ ಕ್ರಮ ಬೇಕು. ವಿಂಡೋಸ್ ಎಕ್ಸ್‌ಪಿಗೆ ಟ್ರಿಮ್ (ಅಳಿಸಿದ ಕಡತಗಳ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಆಜ್ಞೆ) ಗೊತ್ತಿಲ್ಲ, ವಿಂಡೋಸ್ 7ರಿಂದ ಈಚೆಗೆ ಆ ಸೌಲಭ್ಯವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಪೀಳಿಗೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದ್ದರಿಂದ ಎಕ್ಸ್220ರಂಥ ಯಂತ್ರವನ್ನು ಇಂಟರ್ನೆಟ್ಟಿಗೆ ಬಳಸುವವರಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಳ್ಳುವಂತೆ ಹೇಳುತ್ತೇನೆ, ಅವೆರಡರಲ್ಲೂ ಕನ್ನಡ ಟೈಪಿಂಗ್ ಸೌಲಭ್ಯ ಚೆನ್ನಾಗಿದೆ.

ಎಲ್ಲ ಮುಗಿದ ಮೇಲೆ ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದು ವರ್ಗಾವಣೆ ಕ್ರಮ ಎಂಬ ಸಾಲನ್ನು ನೋಡಿ. ಸಾಟಾ 300 ಎಂಬುದು ಸ್ಲಾಟಿನ ಈಗಿನ ವೇಗ, ಅದರ ಪಕ್ಕದ ಸಾಟಾ 600 ಎಂಬುದು ಕಾರ್ಡಿನ ಸಾಮರ್ಥ್ಯ. ಎಕ್ಸ್220ರ ಎಂಸಾಟಾ ಸ್ಲಾಟಿನಲ್ಲಿ ಹೀಗೆ ತೋರಿಸಿದರೆ ಸರಿಯಾಗಿದೆ. ಸಾಟಾ 150 ಎಂದು ತೋರಿಸಿದರೆ ಸಂಪರ್ಕ ಸರಿಯಾಗಿ ಕೂತಿಲ್ಲ ಎಂದು ಅನುಮಾನಿಸಿ ಕಾರ್ಡನ್ನು ಮತ್ತೊಮ್ಮೆ ಕೂರಿಸಿ. ಹೆಸರಿಲ್ಲದ ಕಂಪನಿಯ ಅಗ್ಗದ ಕಾರ್ಡು ಕೊಂಡಿದ್ದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಖಾಲಿ ಜಾಗವನ್ನು ಪೂರ್ತಿ ತುಂಬಿಸಿ ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯು ತಂತ್ರಾಂಶವನ್ನು ಒಂದು ಬಾರಿ ಓಡಿಸಿ, ಬರೆದಷ್ಟು ಗಿಗಾಬೈಟ್ ನಿಜವಾಗಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.